ಅಪ್ಪನಿಗೆ ಓದಿ ಹೇಳುತ್ತಿದ್ದೇನೆ, ನೀವೆಲ್ಲ ಈಗ ಏನು ಓದುತ್ತಿದ್ದೀರಿ?

ಗದಗಿನ ಓದುಗಿ

ನಮ್ಮ ಮನೆಯಲ್ಲಿ ಮೂರು ಪುಸ್ತಕಗಳ ಓದು ಅಕ್ಕಪಕ್ಕದಲ್ಲೇ ನಡೆದಿದೆ. ಕೇಳುವವರು ಮಾತ್ರ ಒಬ್ಬರೇ, ನನ್ನ ಅಪ್ಪ. ಅವರಿಗೆ ಎಪ್ಪತ್ತೆಂಟು ವರ್ಷ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಎರಡು ವರ್ಷವಾಯಿತು. ಕಿಟಕಿ ಯಾವ ಕಡೆಗಿದೆ ಎಂಬುದಷ್ಟೇ ಈಗ ಅವರಿಗೆ ತಿಳಿಯುತ್ತದೆ.

ಅಪ್ಪ ಮೂವತ್ತನಾಲ್ಕು ವರ್ಷ ಛಾಪಖಾನೆಯಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರಗಳನ್ನು, ಜೋಡಿಸಿದವರು. ನಮ್ಮೂರನ್ನು ಮುದ್ರಣ ಕಾಶಿ ಎನ್ನುತ್ತಾರಲ್ಲ, ಆ ಕಾಶಿಯ ಕಂಪೋಸಿಟರುಗಳಲ್ಲಿ ಅವರೂ ಒಬ್ಬರು. ಪಂಚಾಂಗ, ಲಗ್ನಪತ್ರಿಕೆ, ಬಯಲಾಟದ ಪುಸ್ತಕ, ಪ್ರಶ್ನೆಪತ್ರಿಕೆ, ಕಾದಂಬರಿ, ಕೈಗೆ ಬಂದದ್ದನ್ನೆಲ್ಲ ಅಕ್ಷರ ಅಕ್ಷರವಾಗಿ ಎತ್ತಿ ಸಾಲು ಮಾಡಿದರು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ನಾವು ನೇರ ಅಕ್ಷರವನ್ನು ಓದುವಷ್ಟೇ ಸಲೀಸಾಗಿ ಅವರು ಅದನ್ನು ಓದುತ್ತಿದ್ದರು. ರಾತ್ರಿ ಮನೆಗೆ ಬಂದಾಗ ಕೈಗೆ ಸೀಮೆಎಣ್ಣೆಯ ವಾಸನೆ. ಅಚ್ಚಾದ ಮೇಲೆ ಮೊಳೆಗಳನ್ನು ಅದರಲ್ಲಿ ತೊಳೆಯುತ್ತಿದ್ದರು. ನನ್ನ ಮೊದಲ ಅಕ್ಷರಾಭ್ಯಾಸವೂ ಸವೆದು ಮೂಲೆಗೆ ಬಿದ್ದ ಮೊಳೆಗಳಿಂದಲೇ ಆಯಿತು.

ಅಂಥವರ ಕಣ್ಣು ಹೋದದ್ದು ನನಗೆ ಇನ್ನೂ ಸಹಿಸಲಾಗದ ಸಂಗತಿ. ಅಪ್ಪ ಮಾತ್ರ ಒಂದು ದಿನವೂ ಅದರ ಬಗ್ಗೆ ಗೊಣಗಲಿಲ್ಲ. ಮೊದಲ ಎರಡು ತಿಂಗಳು ಸುಮ್ಮನೆ ಕುಳಿತಿದ್ದರು. ಆಮೇಲೆ ಒಂದು ಸಂಜೆ, “ಅವ್ವಾ, ಏನಾದರೂ ಓದು” ಎಂದರು. ಅಂದಿನಿಂದ ಶುರುವಾಯಿತು.

ಈಗ ಸಂಜೆಯ ಪಾಳಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಚಹಾ ಕುಡಿದು ಆರಕ್ಕೆ ಕುಳಿತರೆ ಏಳೂವರೆಯವರೆಗೆ ಓದು. ನನ್ನ ಪ್ರತಿಯಲ್ಲಿ ಏಳುನೂರಕ್ಕೂ ಹೆಚ್ಚು ಪುಟಗಳಿವೆ, ದಿನಕ್ಕೆ ಎಂಟೋ ಹತ್ತೋ ಪುಟ ಸಾಗುತ್ತದೆ. ಕಾಲೇಜಿನಲ್ಲಿದ್ದಾಗ ಇದನ್ನೇ ಒಂದು ವಾರದಲ್ಲಿ ಮುಗಿಸಿದ್ದೆ. ಆಗ ಕತೆಯ ಹಿಂದೆ ಓಡಿದ್ದೆ, ಬೇಡವೆನಿಸಿದ ವರ್ಣನೆಗಳನ್ನು ಹಾರಿಸಿದ್ದೆ. ಈಗ ಒಂದು ಪದವನ್ನೂ ಹಾರಿಸುವಂತಿಲ್ಲ. ಸಾಲು ಎಲ್ಲಿ ಕುಂಟಿತು ಎಂಬುದು ಅಪ್ಪನಿಗೆ ಕೂಡಲೇ ಗೊತ್ತಾಗುತ್ತದೆ. “ಅಲ್ಲಿ ಅಲ್ಪವಿರಾಮ ಇದೆಯೋ, ನೀನೇ ನಿಂತೆಯೋ?” ಎಂದು ಕೇಳುತ್ತಾರೆ. ಹತ್ತರಲ್ಲಿ ಎಂಟು ಸಲ ನಾನೇ ನಿಂತಿರುತ್ತೇನೆ.

ಈ ಕಾದಂಬರಿಯಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಆರಂಭದಲ್ಲೇ ಹೇಳುತ್ತಾರಲ್ಲ, ಆ ಮಾತನ್ನು ಅಪ್ಪ ಎರಡು ಸಲ ಓದಿಸಿದರು. ಆಮೇಲೆ ಹೇಳಿದರು: “ಮೊಳೆಯ ಕೇಸಿನಲ್ಲಿಯೂ ಹೀಗೆಯೇ. ದಿನಬಳಕೆಯ ಅಕ್ಷರಕ್ಕೆ ಕೈಗೆ ಹತ್ತಿರದ ದೊಡ್ಡ ಖಾನೆ, ಅಪರೂಪದ ಒತ್ತಕ್ಷರಕ್ಕೆ ಮೂಲೆಯ ಸಣ್ಣ ಖಾನೆ. ಆದರೆ ಆ ಒತ್ತಕ್ಷರ ಬೇಕಾದ ದಿನ ಖಾನೆ ಖಾಲಿಯಿದ್ದರೆ ಇಡೀ ಪುಟ ನಿಂತುಬಿಡುತ್ತದೆ.”

ಎರಡನೆಯದು ಆತ್ಮಕಥನ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’. ಬೆಳಿಗ್ಗೆ ಅಡುಗೆ ಮುಗಿದ ಮೇಲೆ ಸಿಗುವ ಅರ್ಧ ಗಂಟೆ ಅದಕ್ಕೆ. ಚಿಕ್ಕ ಪುಸ್ತಕ, ಬೇಗ ಮುಗಿಯಬೇಕಿತ್ತು. ಆದರೆ ಅಪ್ಪ ನಡುನಡುವೆ ನಿಲ್ಲಿಸಿ ಹಾಡು ಹಾಕಿಸುತ್ತಾರೆ. ನಾಟಕ ಕಂಪನಿಯ ಹುಡುಗನಾಗಿದ್ದ ಮನ್ಸೂರರು ನೀಲಕಂಠಬುವಾ ಅವರ ಬಳಿ ಸಂಗೀತ ಕಲಿತದ್ದು, ಆಮೇಲೆ ಮಂಜೀ ಖಾನರು ಸಿಕ್ಕಿದ್ದು, ಅವರು ಬೇಗನೆ ತೀರಿಕೊಂಡದ್ದು, ಬುರ್ಜೀ ಖಾನರ ಬಳಿ ಕಲಿಕೆ ಮುಂದುವರಿದದ್ದು. ಈ ಭಾಗ ಓದಿದ ದಿನ ಪುಸ್ತಕ ಮುಂದೆ ಹೋಗಲೇ ಇಲ್ಲ, ಮಧ್ಯಾಹ್ನದವರೆಗೆ ಮೊಬೈಲಿನಲ್ಲಿ ಮನ್ಸೂರರ ಧ್ವನಿಯೇ ತುಂಬಿತ್ತು. ಮನ್ಸೂರರಿದ್ದ ಧಾರವಾಡ ನಮಗೆ ಬಹಳ ದೂರವೇನೂ ಅಲ್ಲ. ಅಪ್ಪ ಅವರನ್ನು ಎರಡು ಸಲ ಎದುರಿಗೇ ಕುಳಿತು ಕೇಳಿದ್ದಾರೆ.

ಮೂರನೆಯದು ನಾನು ಎಣಿಸದೇ ಇದ್ದದ್ದು. ಆರನೆಯ ತರಗತಿಯ ನನ್ನ ಮಗ ಗೆಳೆಯನಿಂದ ‘ಟಿಬೆಟ್‌ನಲ್ಲಿ ಟಿನ್‌ಟಿನ್’ ಎಂಬ ಇಂಗ್ಲಿಷ್ ಚಿತ್ರಕಥೆಯನ್ನು ತಂದಿದ್ದ. ಬೆಲ್ಜಿಯಂನ ಹರ್ಜೆ ಬರೆದು ಚಿತ್ರಿಸಿದ್ದು. ವಿಮಾನ ಅಪಘಾತದಲ್ಲಿ ಸತ್ತನೆಂದು ಎಲ್ಲರೂ ಕೈಬಿಟ್ಟ ಗೆಳೆಯ ಚಾಂಗ್‌ನನ್ನು ಹುಡುಕಿಕೊಂಡು ಟಿನ್‌ಟಿನ್ ಹಿಮಾಲಯಕ್ಕೆ ಹೋಗುವ ಕತೆ. ಒಂದು ಭಾನುವಾರ ಹುಡುಗ ಅಜ್ಜನ ಮಗ್ಗುಲಲ್ಲಿ ಕುಳಿತು ಅದನ್ನು ತನ್ನಷ್ಟಕ್ಕೆ ಓದುತ್ತಿದ್ದ. ಅಪ್ಪ, “ನನಗೂ ಹೇಳು” ಎಂದರು. “ಅಜ್ಜಾ, ಇದು ಚಿತ್ರದ ಪುಸ್ತಕ” ಎಂದ. “ಚಿತ್ರವನ್ನೇ ಹೇಳು” ಎಂದರು.

ಹುಡುಗ ಹೇಳತೊಡಗಿದ. ಮೊದಮೊದಲು ಬರೀ ಮಾತುಗಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ. ಅಪ್ಪ ಬಿಡಲಿಲ್ಲ. ಆ ಚೌಕ ಎಷ್ಟು ದೊಡ್ಡದು? ಯಾರು ಎಡಕ್ಕೆ ನಿಂತಿದ್ದಾರೆ? ಮಾತಿನ ಗುಳ್ಳೆ ತಲೆಯ ಮೇಲಿದೆಯೋ ಪಕ್ಕದಲ್ಲಿದೆಯೋ? ಈಗ ಅವನು ಬೆರಳನ್ನು ಚೌಕದಿಂದ ಚೌಕಕ್ಕೆ ಇಡುತ್ತಾ, ಅಜ್ಜನ ಬೆರಳನ್ನೂ ಹಿಡಿದುಕೊಂಡು ಹೇಳುತ್ತಾನೆ. ಹಿಮದ ಪುಟ ಬಂತು. “ಇಲ್ಲಿ ಏನೂ ಇಲ್ಲ ಅಜ್ಜಾ, ಎಲ್ಲ ಬಿಳಿ. ಕೆಳಗೆ ಇಷ್ಟು ಸಣ್ಣ ಮನುಷ್ಯರು.” ಅಪ್ಪ ಬಹಳ ಹೊತ್ತು ಆ ಕಾಗದದ ಮೇಲೆ ಬೆರಳಾಡಿಸಿದರು. ಆಮೇಲೆ ಮೊಮ್ಮಗನಿಗೆ ವಿವರಿಸಿದರು: ಛಾಪಖಾನೆಯಲ್ಲಿ ಖಾಲಿ ಜಾಗ ಎಂಬುದು ತಾನಾಗಿ ಬರುವುದಿಲ್ಲ. ಎರಡು ಪದಗಳ ನಡುವಿನ ಬಿಳಿಗೂ, ಪ್ಯಾರಾ ಮುಗಿದ ಮೇಲೆ ಉಳಿಯುವ ಬಿಳಿಗೂ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ಎಣಿಸಿ ಇಡಬೇಕು. ಅವು ಮೊಳೆಗಿಂತ ಗಿಡ್ಡವಾಗಿರುವುದರಿಂದ ಮಸಿ ತಾಗುವುದಿಲ್ಲ. ಅವಿಲ್ಲದಿದ್ದರೆ ಸಾಲು ಸಡಿಲವಾಗಿ ಮೊಳೆಗಳೆಲ್ಲ ಉದುರುತ್ತವೆ. “ಬಿಳಿಯನ್ನೂ ಕೈಯಿಂದಲೇ ಜೋಡಿಸುತ್ತಿದ್ದೆವು” ಎಂದರು. ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಈ ಮಾತನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.

ನನಗೆ ಎರಡು ವಿಷಯ ಕೇಳಬೇಕಿದೆ.

ಒಂದು, ನೀವೆಲ್ಲ ಈಗ ಏನು ಓದುತ್ತಿದ್ದೀರಿ? ಕಾದಂಬರಿಯಾಗಲಿ, ಆತ್ಮಕಥೆಯಾಗಲಿ, ಚಿತ್ರಕಥೆಯಾಗಲಿ, ಗಟ್ಟಿಯಾಗಿ ಓದಿದರೆ ಕಿವಿಗೆ ಹಿಡಿಸುತ್ತದೆ ಎಂದು ನಿಮಗೆ ಅನುಭವದಿಂದ ಗೊತ್ತಿರುವುದನ್ನು ಹೇಳಿ. ಕಣ್ಣಿಗೆ ಚೆನ್ನಾಗಿರುವ ಎಲ್ಲ ಪುಸ್ತಕವೂ ನಾಲಿಗೆಗೆ ಒಗ್ಗುವುದಿಲ್ಲ, ಇದನ್ನು ಎರಡು ವರ್ಷದಲ್ಲಿ ಕಲಿತಿದ್ದೇನೆ.

ಎರಡನೆಯದು ‘ಮದುಮಗಳು’ ಓದಿದವರಿಗೆ. (ಓದದವರು ಈ ಪ್ಯಾರಾ ಬಿಡಿ.) ಅಪ್ಪ ಹಿಂದೆ ಈ ಕಾದಂಬರಿ ಓದಿರಲಿಲ್ಲ. ನಾಯಿಗುತ್ತಿಯ ನಾಯಿ ಹುಲಿಯ ಅವರಿಗೆ ಪ್ರಾಣವಾಗಿಬಿಟ್ಟಿದೆ. ಓದಲು ಕುಳಿತ ಕೂಡಲೇ, “ಇವತ್ತು ಹುಲಿಯ ಬರುತ್ತದೆಯೇ?” ಎಂದು ಕೇಳುತ್ತಾರೆ. ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಅದಕ್ಕೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಇನ್ನು ಎರಡು ವಾರದಲ್ಲಿ ಆ ಪುಟಗಳು ಬರುತ್ತವೆ. ನಾನೇನು ಮಾಡಲಿ? ಮೊದಲೇ ಹೇಳಿಬಿಡಲೇ? ಮೆತ್ತಗೆ ದಾಟಿಸಲೇ?

ತುಂಗಾತೀರ

ಅಕ್ಕಾ, ದಾಟಿಸಬೇಡಿ. ಮೊದಲೇ ಹೇಳಲೂ ಬೇಡಿ.

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪ್ರೌಢಶಾಲೆಯ ಮೇಷ್ಟ್ರು. ಮಳೆಗಾಲದಲ್ಲಿ ತುಂಗೆ ಉಕ್ಕುವುದನ್ನು ಪ್ರತಿ ವರ್ಷ ನೋಡುತ್ತೇನೆ. ನೀರು ಕೆಂಪಾಗಿ, ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬರುವಾಗ ದಡದಲ್ಲಿ ನಿಂತವರು ಪಕ್ಕದವರಿಗೆ ಕೂಗಿಯೇ ಮಾತಾಡಬೇಕು. ಆ ಭಾಗವನ್ನು ಓದುವಾಗ ಧ್ವನಿಯನ್ನು ತಗ್ಗಿಸಬೇಡಿ, ನಿಧಾನಿಸಲೂ ಬೇಡಿ. ದುಃಖ ಬರುವಂತೆ ಓದಬೇಕೆಂಬ ಆಸೆ ನಮಗೆ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳಿ. ವಾಕ್ಯದಲ್ಲಿ ಏನಿದೆಯೋ ಅಷ್ಟನ್ನು ಓದಿ. ಕುವೆಂಪು ಆ ನಾಯಿಯನ್ನು ಅಷ್ಟು ಪುಟಗಳ ಉದ್ದಕ್ಕೂ ನಡೆಸಿಕೊಂಡು ಬಂದಿದ್ದಾರೆ. ನಿಮ್ಮ ತಂದೆಯವರು ಅದರ ಜೊತೆಗೇ ನಡೆದಿದ್ದಾರೆ. ಕೊನೆಯ ಹೆಜ್ಜೆಯಲ್ಲಿ ಅವರ ಕೈ ಬಿಡಿಸುವುದು ನ್ಯಾಯವಲ್ಲ.

ಮಾತಿನ ಧಾಟಿಯ ಬಗ್ಗೆ ಒಂದು ಸಲಹೆ. ನಮ್ಮ ಕಡೆಯ ಮಾತನ್ನು ಅನುಕರಿಸಲು ಹೋಗಬೇಡಿ. ನಿಮ್ಮ ಗದಗಿನ ಉಸಿರಿನಲ್ಲೇ ಓದಿ. ನಮ್ಮ ಶಾಲೆಗೆ ಬಳ್ಳಾರಿಯಿಂದ ಬಂದಿದ್ದ ಶಿಕ್ಷಕಿಯೊಬ್ಬರು ಹಾಗೆಯೇ ಓದಿದರು, ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು.

ನಾನೀಗ ಓದುತ್ತಿರುವುದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಮೂರನೆಯ ಬಾರಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸದ ಕಥನ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಪುಸ್ತಕ. ಗಿಡಗಳ ಚಿತ್ರಗಳೂ ಸ್ವಾಮಿಯವರದೇ. ವಿಜ್ಞಾನವನ್ನು ಕನ್ನಡದಲ್ಲಿ ಇಷ್ಟು ರುಚಿಯಾಗಿ ಬರೆದವರು ಕಡಿಮೆ. ನಾನು ತರಗತಿಯಲ್ಲಿ ಎರಡು ಪುಟ ಓದಿ, ಮರುದಿನ ಆ ಕುಲದ ಗಿಡ ಯಾರ ತೋಟದಲ್ಲಿದೆಯೋ ಅವರೇ ಒಂದು ಎಲೆ ತರಬೇಕು ಎನ್ನುತ್ತೇನೆ. ನಿಮ್ಮ ತಂದೆಯವರಿಗೆ ಇದನ್ನು ಓದುವುದಾದರೆ ಎಲೆಯನ್ನೂ ಕೈಗೆ ಕೊಡಿ. ಬೆರಳ ತುದಿಯಲ್ಲಿ ಮೊಳೆ ಗುರುತಿಸಿದವರು ಎಲೆಯ ನರವನ್ನು ಗುರುತಿಸುವುದಿಲ್ಲವೇ?

ರಾತ್ರಿಪಾಳಿ

ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ ನಾನು. ತಿಂಗಳಲ್ಲಿ ಹದಿನೈದು ರಾತ್ರಿ ವಾರ್ಡಿನಲ್ಲಿ ಕಳೆಯುತ್ತೇನೆ. ಎರಡರಿಂದ ನಾಲ್ಕು ಗಂಟೆಯ ನಡುವೆ ಓದು.

ಸಿದ್ದಲಿಂಗಯ್ಯನವರ ‘ಊರುಕೇರಿ’ಯನ್ನು ಓದುತ್ತಿದ್ದೇನೆ. ನಿಮ್ಮ ತಂದೆಯವರಿಗೆ ಇದನ್ನೇ ಮುಂದಿನ ಪುಸ್ತಕವಾಗಿ ಆರಿಸಿ ಎಂದು ಕೈಮುಗಿದು ಕೇಳುತ್ತೇನೆ. ಕಾರಣ ಹೇಳುತ್ತೇನೆ. ಇದು ಬರೆದ ಪುಸ್ತಕದಂತಿಲ್ಲ, ಕಟ್ಟೆಯ ಮೇಲೆ ಕುಳಿತು ಹೇಳಿದಂತಿದೆ. ಸಣ್ಣ ಸಣ್ಣ ಪ್ರಸಂಗಗಳು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಾಗಡಿಯ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರದವರೆಗಿನ ಬಾಲ್ಯ. ಆರಂಭದಲ್ಲೇ ಒಂದು ದೃಶ್ಯವಿದೆ: ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದಾರೆ, ಆ ಇಬ್ಬರಲ್ಲಿ ಒಬ್ಬರು ಲೇಖಕರ ಅಪ್ಪ. ಅದನ್ನು ಅವರು ಒಂದು ಬೈಗುಳವಿಲ್ಲದೆ, ಒಂದು ಹನಿ ಕಣ್ಣೀರಿಲ್ಲದೆ ಹೇಳಿ ಮುಂದೆ ಸಾಗುತ್ತಾರೆ. ಓದುವವಳಿಗೆ ಮುಂದೆ ಸಾಗಲು ಆಗುವುದಿಲ್ಲ.

ಮೊನ್ನೆ ರಾತ್ರಿ ಇಳಿವಯಸ್ಸಿನ ರೋಗಿಯೊಬ್ಬರಿಗೆ ನಿದ್ರೆ ಬರುತ್ತಿರಲಿಲ್ಲ. “ಏನಮ್ಮಾ ಅದು, ಒಬ್ಬಳೇ ನಗುತ್ತಿದ್ದೀಯ?” ಎಂದರು. ಅವರಿಗೊಂದು ಪ್ರಸಂಗ ಓದಿ ಹೇಳಿದೆ. ಪಕ್ಕದ ಹಾಸಿಗೆಯವರೂ ಎದ್ದು ಕುಳಿತರು. ನಗುವಿನ ಒಳಗೆ ಅಷ್ಟೊಂದು ಹಸಿವು ತುಂಬಿರುವುದು ಗಟ್ಟಿಯಾಗಿ ಓದುವಾಗಲೇ ನನ್ನ ಗಂಟಲಿಗೆ ತಾಗಿತು.

ಒಂಟಿಕೊಪ್ಪಲು

ನಿಮ್ಮ ಶ್ರದ್ಧೆ ದೊಡ್ಡದು. ಆದರೆ ಮನೆ, ಮಗ, ಅಡುಗೆ ಎಲ್ಲದರ ನಡುವೆ ದಿನಕ್ಕೆ ಎರಡು ಗಂಟೆ ಗಂಟಲು ಒಣಗಿಸಿಕೊಳ್ಳುವುದು ಎಷ್ಟು ದಿನ ಸಾಧ್ಯ? ಕನ್ನಡದಲ್ಲಿ ಈಗ ಕೇಳುಪುಸ್ತಕಗಳು ಸಾಕಷ್ಟು ಬಂದಿವೆ, ನುರಿತವರು ಓದಿರುತ್ತಾರೆ. ಮೊಬೈಲಿಗೆ ಹಾಕಿಕೊಟ್ಟರೆ ತಂದೆಯವರು ತಮಗೆ ಬೇಕಾದಾಗ ತಾವೇ ಕೇಳಬಹುದು. ಯಾರನ್ನೂ ಕಾಯಬೇಕಾಗಿಲ್ಲ ಎಂಬುದೂ ವಯಸ್ಸಾದವರಿಗೆ ಒಂದು ನೆಮ್ಮದಿ.

ನಾನು ಓದುತ್ತಿರುವುದು ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’. ಲಿಸ್ಬನ್ನಿನ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಹಬ್ಬಿದ ಕತೆ. ಓದಿಸಿಕೊಂಡು ಹೋಗುತ್ತದೆ.

ಗದಗಿನ ಓದುಗಿ

ಒಂಟಿಕೊಪ್ಪಲು ಸರ್, ನಿಮ್ಮ ಮಾತಿನಲ್ಲಿ ಕಾಳಜಿಯಿದೆ, ತಪ್ಪು ತಿಳಿಯುವುದಿಲ್ಲ. ಕೇಳುಪುಸ್ತಕವನ್ನು ನಾವು ಪ್ರಯತ್ನಿಸಿದೆವು. ನಾನು ಊರಿಗೆ ಹೋದ ನಾಲ್ಕು ದಿನ ಅಪ್ಪ ಅದನ್ನೇ ಕೇಳಿದರು. ಓದಿದವರ ಧ್ವನಿ ಬಹಳ ಚೆನ್ನಾಗಿತ್ತು ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು: “ನಾನು ನಿಲ್ಲು ಎಂದರೆ ಅದು ನಿಲ್ಲುವುದಿಲ್ಲ.”

ಅವರಿಗೆ ನಿಲ್ಲಿಸುವುದು ಬೇಕು. ಒಂದು ಪದ ಹಿಡಿದು, ಆ ಪದವನ್ನು ತಾವು ಯಾವಾಗ ಜೋಡಿಸಿದ್ದರು ಎಂದು ನೆನೆಯುವುದು ಬೇಕು. ‘ಕಾರ್ತ್ಸ್ನ್ಯ’ ಎಂಬ ಶಬ್ದವಿದ್ದ ಒಂದು ಸಂಸ್ಕೃತ ವ್ಯಾಖ್ಯಾನಕ್ಕೆ ಒತ್ತಕ್ಷರದ ಮೊಳೆ ಸಾಲದೆ, ಇಬ್ಬರು ಕುಳಿತು ಇದ್ದ ಮೊಳೆಯನ್ನೇ ಅರದಿಂದ ಉಜ್ಜಿ ಕೂರಿಸಿದ ಕತೆ ಹೀಗೆಯೇ ಹೊರಬಂತು. ಗಂಟಲು ಒಣಗುವುದು ನಿಜ. ಪಕ್ಕದಲ್ಲಿ ಜೀರಿಗೆ ಹಾಕಿದ ಬಿಸಿನೀರಿನ ಲೋಟ ಇರುತ್ತದೆ, ಅಪ್ಪನೇ ಅದನ್ನು ತಡಕಿ ನನ್ನ ಕಡೆ ಸರಿಸುತ್ತಾರೆ.

ತುಂಗಾತೀರ ಅವರೇ, ನೀವು ಹೇಳಿದಂತೆಯೇ ಮಾಡುತ್ತೇನೆ. ಭಯ ಹೋಗಿಲ್ಲ.

ಹಳೆಪುಸ್ತಕ

ಬೆಂಗಳೂರಿನಲ್ಲಿ ನಲವತ್ತು ವರ್ಷ ಪುಸ್ತಕ ಮಾರಿದವನು ನಾನು. ಚಿತ್ರಕಥೆಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಮಗನಿಗೆ ಒಂದು ವಿಷಯ ಹೇಳಿ, ಅಜ್ಜನಿಗೂ ಸಂತೋಷವಾದೀತು. ಅಮರ ಚಿತ್ರ ಕಥೆ ಎಂದರೆ ಎಲ್ಲರೂ 1967, ಅನಂತ ಪೈ, ಮುಂಬಯಿ ಎನ್ನುತ್ತಾರೆ. ಆದರೆ ಆ ಮಾಲಿಕೆಯಲ್ಲಿ ‘ಕೃಷ್ಣ’ದ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಆ ಹತ್ತು ಹೊರಬಂದದ್ದು 1965ರಲ್ಲಿ, ಕನ್ನಡದಲ್ಲಿ. ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕತೆಗಳ ಚಿತ್ರಪುಸ್ತಕಗಳು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಅವು ಚೆನ್ನಾಗಿ ಮಾರಾಟವಾದ ಮೇಲೆ ಮುಂದಿನದು ನಡೆಯಿತು. ದೇಶವೆಲ್ಲ ಓದಿದ ಮಾಲಿಕೆಯ ಮೊದಲ ಹೆಜ್ಜೆ ಕನ್ನಡದ್ದು ಎಂಬುದನ್ನು ನಮ್ಮವರೇ ಮರೆತಿದ್ದಾರೆ, ಇದು ನನಗೆ ಬಹಳ ವರ್ಷಗಳ ಕೊರಗು.

ನಿಮ್ಮ ತಂದೆಯವರ ವಯಸ್ಸಿಗೆ ‘ಚಂದಮಾಮ’ ಖಂಡಿತ ಗೊತ್ತಿರುತ್ತದೆ. ಕನ್ನಡದಲ್ಲಿ ಅದು ಶುರುವಾದದ್ದು 1949ರಲ್ಲಿ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಬರೆದವರು ಶಂಕರ್. ಕಣ್ಣು ಕಳೆದುಕೊಂಡವರಿಗೆ ಚಿತ್ರ ಹೇಳುವಾಗ ಅವರು ಹಿಂದೆ ನೋಡಿದ್ದ ಚಿತ್ರದಿಂದ ಶುರು ಮಾಡಿ. ಈ ಸಲ ಅಜ್ಜನೇ ಮೊಮ್ಮಗನಿಗೆ ಚಿತ್ರ ಹೇಳಲಿ. ನನ್ನ ಬಳಿ ಎಪ್ಪತ್ತರ ದಶಕದ ಕೆಲವು ಸಂಚಿಕೆಗಳಿವೆ, ನಾನೇ ಈಗ ದಿನಕ್ಕೊಂದರಂತೆ ಓದುತ್ತಿದ್ದೇನೆ. ಎರಡು ಪ್ರತಿಯಿರುವ ಸಂಚಿಕೆಗಳಲ್ಲಿ ಒಂದೊಂದನ್ನು ನಿಮಗೆ ಕಳಿಸುತ್ತೇನೆ, ದುಡ್ಡಿನ ಮಾತು ಬೇಡ.

ಇಸಾರ್ ದಂಡೆ

ನಾನು ಹಾಸನದವನು, ಜರ್ಮನಿಯ ಮ್ಯೂನಿಕ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ಇಲ್ಲಿಂದ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಡಾಖಾವ್ ಎಂಬ ಊರು. ನಾಜಿಗಳು 1933ರಲ್ಲಿ ತೆರೆದ ಯಾತನಾ ಶಿಬಿರ ಇದ್ದದ್ದು ಅಲ್ಲಿ. ಅಲ್ಲಿಗೆ ಹೋಗಿ ಬಂದ ಮೇಲೆ ಎರಡು ಪುಸ್ತಕಗಳನ್ನು ಒಟ್ಟಿಗೆ ಹಿಡಿದಿದ್ದೇನೆ. ಒಂದು ನೇಮಿಚಂದ್ರ ಅವರ ‘ಯಾದ್ ವಶೇಮ್’, ಜರ್ಮನಿಯಿಂದ ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯೊಬ್ಬಳ ಬದುಕಿನ ಕಾದಂಬರಿ. ಊರಿಂದ ಅಮ್ಮ ಕಳಿಸಿದ್ದು. ಇನ್ನೊಂದು ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’, ಇಂಗ್ಲಿಷ್ ಚಿತ್ರಕಥನ. ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಬರುತ್ತಾರೆ. 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಪಡೆದ ಕೃತಿ. ಚಿತ್ರಕಥೆ ಮಕ್ಕಳದ್ದು ಎಂದುಕೊಂಡಿದ್ದ ನನ್ನ ಎಣಿಕೆ ಅಲ್ಲಿಗೆ ಮುರಿಯಿತು.

ನಿಮ್ಮ ಬರಹ ಓದುವಾಗ ‘ಮೌಸ್’ನ ಒಂದು ಸಂಗತಿ ಬಿಡದೆ ನೆನಪಾಯಿತು. ಆ ಪುಸ್ತಕ ನಿಂತಿರುವುದೇ ಅಪ್ಪ-ಮಗನ ಮಾತುಕತೆಯ ಮೇಲೆ. ಅಪ್ಪ ವ್ಲಾಡೆಕ್ ಮನೆಯಲ್ಲಿ ವ್ಯಾಯಾಮದ ಸೈಕಲ್ ತುಳಿಯುತ್ತಾ, ಗುಳಿಗೆಗಳನ್ನು ಎಣಿಸುತ್ತಾ ನಾಜಿಗಳ ಆಶ್ವಿಟ್ಜ್ ಶಿಬಿರದ ಕತೆ ಹೇಳುತ್ತಾನೆ, ಮಗ ಕೇಳಿ ಬರೆದುಕೊಳ್ಳುತ್ತಾನೆ. ಅಪ್ಪ ಪುಸ್ತಕ ಮುಗಿಯುವ ಮೊದಲೇ ತೀರಿಕೊಂಡರೂ ಧ್ವನಿ ಉಳಿಯಿತು.

ಅಕ್ಕಾ, ನೀವು ಅಪ್ಪನಿಗೆ ಓದುತ್ತಿದ್ದೀರಿ. ಅವರು ನಿಮಗೆ ಹೇಳುತ್ತಿರುವುದನ್ನು ಯಾರು ಬರೆದುಕೊಳ್ಳುತ್ತಿದ್ದಾರೆ? ಸೀಸದ ತುಂಡಿನ ಮಾತು, ಅರದಿಂದ ಉಜ್ಜಿದ ಮೊಳೆಯ ಮಾತು ಇವು ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ. ನನ್ನ ಅಜ್ಜ ಹಾಸನದ ಕಡೆ ಗಾಡಿಯ ಗಾಲಿ ಮಾಡುತ್ತಿದ್ದವರು. ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಯುವುದನ್ನು ಅವರು ವಿವರಿಸಿದ್ದು ನನಗೆ ಅರೆಬರೆ ನೆನಪಿದೆ. ಕೇಳಲು ಈಗ ಅವರಿಲ್ಲ.

ಚಂದ್ರಗಿರಿ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ನನ್ನ ಅತ್ತೆಗೆ ಓದಿ ಹೇಳುತ್ತಿದ್ದೇನೆ. ಅವರ ಕಣ್ಣು ಚೆನ್ನಾಗಿದೆ, ಆದರೆ ಕನ್ನಡ ಲಿಪಿ ಕಲಿತಿಲ್ಲ, ಮಾತು ಮಾತ್ರ ಬರುತ್ತದೆ. ನಮ್ಮ ಮನೆಯ ಹಿಂದಿನ ಹೊಳೆಯೇ ಆ ಚಂದ್ರಗಿರಿ. ನಾದಿರಾಳನ್ನು ಅವಳ ತಂದೆ ಗಂಡನಿಂದ ಬಿಡಿಸುವ ಭಾಗ ಬಂದಾಗ ಅತ್ತೆ ಹೊಲಿಯುತ್ತಿದ್ದ ಬಟ್ಟೆ ಕೆಳಗಿಟ್ಟರು, ಆ ದಿನ ಮತ್ತೆ ಎತ್ತಿಕೊಳ್ಳಲಿಲ್ಲ. ಪುಟ ಕಡಿಮೆ, ವಾಕ್ಯ ಸರಳ, ಗಟ್ಟಿಯಾಗಿ ಓದಲು ಒಂದಿಷ್ಟೂ ತೊಡಕಿಲ್ಲ. ಆದರೆ ಹುಲಿಯನಿಗಾಗಿ ಹೆದರುವವರು ಇದನ್ನು ಸ್ವಲ್ಪ ದಿನ ಬಿಟ್ಟು ಕೈಗೆತ್ತಿಕೊಳ್ಳಿ.

ಗದಗಿನ ಓದುಗಿ

ಹದಿನೇಳು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾಯಿತು.

ಇಸಾರ್ ದಂಡೆಯ ತಮ್ಮಾ, ನಿಮ್ಮ ಪ್ರಶ್ನೆ ನನ್ನನ್ನು ಆ ರಾತ್ರಿ ಮಲಗಲು ಬಿಡಲಿಲ್ಲ. ಮರುದಿನವೇ ಒಂದು ದೊಡ್ಡ ಲೆಕ್ಕದ ಪುಸ್ತಕ ತಂದೆ. ಅಪ್ಪ ನಿಲ್ಲಿಸಿದಾಗಲೆಲ್ಲ ಪೆನ್ನು ತೆಗೆದುಕೊಳ್ಳುತ್ತೇನೆ. ಎಡಗಡೆಯ ಪುಟದಲ್ಲಿ ಅಂದು ಓದಿದ ಪುಟಸಂಖ್ಯೆ, ಬಲಗಡೆ ಅಪ್ಪ ಹೇಳಿದ್ದು. ಈವರೆಗೆ ಮೂವತ್ತೊಂದು ಪುಟ ತುಂಬಿದೆ. ತಿಂಗಳ ಕೊನೆಗೆ ಸಂಬಳ ಬಾರದೆ ಹೋದದ್ದು, ಸೀಸದ ಧೂಳಿಗೆಂದು ಎಲ್ಲರೂ ಬೆಲ್ಲ ತಿನ್ನುತ್ತಿದ್ದದ್ದು, ತಮ್ಮ ಮದುವೆಯ ಪತ್ರಿಕೆಯನ್ನು ತಾವೇ ಜೋಡಿಸುವಾಗ ಅಮ್ಮನ ಹೆಸರಿಗೆ ಎಲ್ಲಕ್ಕಿಂತ ಹೊಸ ಮೊಳೆಗಳನ್ನು ಹುಡುಕಿ ತೆಗೆದದ್ದು. ಅಮ್ಮ ಇದನ್ನು ಕೇಳಿಸಿಕೊಂಡು ಅಡುಗೆಮನೆಗೆ ಹೋದವರು ಹೊರಗೆ ಬರಲು ಬಹಳ ಹೊತ್ತಾಯಿತು.

ಟಿನ್‌ಟಿನ್ ಮುಗಿಯಿತು. ಕೊನೆಯ ಚಿತ್ರದಲ್ಲಿ ಹಿಮಮಾನವ ದೂರದಲ್ಲಿ ಒಂಟಿಯಾಗಿ ನಿಂತು ಎಲ್ಲರೂ ಹೋಗುವುದನ್ನು ನೋಡುತ್ತಾನೆ. ಚಾಂಗ್‌ನನ್ನು ಕಾಪಾಡಿದವನು ಅವನೇ. ಮಗ ಅದನ್ನು ಹೇಳುವಾಗ ಅಪ್ಪ, “ಅವನಿಗೆ ಯಾರೂ ಇಲ್ಲವೇ?” ಎಂದರು. ಹುಡುಗ ಪುಟ ತಿರುಗಿಸಿ ನೋಡಿ, ಮುಂದೆ ಪುಟವಿಲ್ಲ ಎಂದ. ಹಳೆಪುಸ್ತಕ ಸರ್, ನೀವು ಕಳಿಸಿದ ಚಂದಮಾಮಗಳು ಶುಕ್ರವಾರ ತಲುಪಿದವು. ಅಪ್ಪ ಮೊದಲು ಕಾಗದವನ್ನು ಮೂಸಿ ನೋಡಿದರು.

ನಿನ್ನೆ ಸಂಜೆ ‘ಮದುಮಗಳು’ ಮುಗಿಯಿತು.

ತುಂಗಾತೀರ ಅವರೇ, ನಾನು ಧ್ವನಿ ತಗ್ಗಿಸಲಿಲ್ಲ. ನೆರೆಯ ಆ ಭಾಗ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಸಾಲಿನ ಹಿಂದೆ ಸಾಲು ಓದುತ್ತಾ ಹೋದೆ. ಅಪ್ಪ ಒಂದು ಸಲವೂ ನಿಲ್ಲಿಸಲಿಲ್ಲ. ಎರಡು ವರ್ಷದಲ್ಲಿ ಇದೇ ಮೊದಲು, ಅಲ್ಪವಿರಾಮದ ಪ್ರಶ್ನೆಯಿಲ್ಲ, ಪದದ ಪ್ರಶ್ನೆಯಿಲ್ಲ. ಎಡಗೈಯನ್ನು ಮೊಳೆ ಜೋಡಿಸುವ ಸ್ಟಿಕ್ಕು ಹಿಡಿದಂತೆ ಮಡಿಸಿಕೊಂಡು, ಬಲಗೈಯ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತಿದ್ದರು. ನೋಡನೋಡುತ್ತಾ ನನಗೆ ಅರ್ಥವಾಯಿತು, ನಾನು ಓದಿದ್ದನ್ನು ಅವರು ಜೋಡಿಸುತ್ತಿದ್ದರು.

ಮುಗಿದ ಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹೊರಗೆ ದೀಪ ಹಚ್ಚುವ ಹೊತ್ತು ಮೀರಿತ್ತು. ಅಪ್ಪ ಕೈ ಚಾಚಿ ಪುಸ್ತಕ ಕೇಳಿದರು, ಕೊಟ್ಟೆ. “ಕೊನೆಯ ಸಾಲಿನ ಕೆಳಗೆ ಎಷ್ಟು ಜಾಗ ಬಿಟ್ಟಿದ್ದಾರೆ?” ಎಂದರು. ಅವರ ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟೆ. ಅಲ್ಲಿಂದ ಅಂಗೈಯನ್ನು ಕೆಳಗೆ ಸರಿಸುತ್ತಾ ಪುಟದ ಅಂಚಿನವರೆಗೆ ಹೋದರು.

ಇಂದು ಬೆಳಿಗ್ಗೆ ಎದ್ದವರೇ ಕೇಳಿದ್ದು, ಮುಂದಿನದು ಯಾವುದು ಎಂದು. ರಾತ್ರಿಪಾಳಿಯ ತಂಗಿ, ‘ಊರುಕೇರಿ’ ಮೇಜಿನ ಮೇಲಿದೆ. ಆರು ಗಂಟೆಗೆ ಶುರು.